ಪುಟ ಯಾರ ಲೆಕ್ಕಕ್ಕೆ?



ಕಂಪ್ಯೂಟರಿನಲ್ಲಿ ದೊಡ್ಡ ಫೈಲೊಂದು ಮೊದಲ ಸಲ ನಿಧಾನವಾಗಿ ತೆರೆದು, ಎರಡನೇ ಸಲ ತಟ್ಟನೆ ತೆರೆದುಕೊಳ್ಳುತ್ತದೆ. ಡಿಸ್ಕಿನಿಂದ ಓದಿದ್ದನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಸಾಮಾನ್ಯವಾಗಿ 4096 ಬೈಟಿನ ಪುಟಗಳಾಗಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಇದೇ ಪೇಜ್ ಕ್ಯಾಶ್. ಆ ಫೈಲನ್ನು ಹತ್ತು ಪ್ರೋಗ್ರಾಂಗಳು ಓದಿದರೂ ಪುಟ ಒಂದೇ. ಹಾಗಾದರೆ ಅದು ಯಾರ ಲೆಕ್ಕಕ್ಕೆ?

ಈ ಪ್ರಶ್ನೆಗೆ ಉತ್ತರ ಬರೆದವರಲ್ಲಿ ನಮ್ಮ ದೇಶದವರೂ ಇದ್ದಾರೆ. ಐಬಿಎಂನಲ್ಲಿದ್ದ ಬಲ್ಬೀರ್ ಸಿಂಗ್ ಮತ್ತು ಜೊತೆಗಾರರು ರೂಪಿಸಿದ ಮೆಮೊರಿ ಕಂಟ್ರೋಲರ್ 2008ರ ಏಪ್ರಿಲ್‌ನಲ್ಲಿ ಲಿನಕ್ಸ್ 2.6.25ರೊಂದಿಗೆ ಬಂತು. ಗೆಳೆಯರೆಲ್ಲ ಸೇರಿ ಮಂಡಕ್ಕಿ-ಮಿರ್ಚಿ ತಿಂದರೂ ಮೊದಲು ಹೇಳಿದವನ ಹೆಸರಿಗೇ ಬಿಲ್ಲು ಬೀಳುವಂತೆ, ಪುಟವನ್ನು ಮೊದಲು ಮುಟ್ಟಿದ ಪ್ರೋಗ್ರಾಂ ಗುಂಪಿನ ಖಾತೆಗೇ ಖರ್ಚು. ನ್ಯಾಯವೇ ಎಂದರೆ ಅಷ್ಟಕ್ಕಷ್ಟೆ. ಆದರೆ ಎಲ್ಲರಿಗೂ ಹಂಚಲು ಹೋದರೆ ಲೆಕ್ಕ ಇಡುವುದೇ ದುಬಾರಿ. ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಕಟ್ಟಿಡುವ ಇಂದಿನ ಕಂಟೇನರ್‌ಗಳ ಮೆಮೊರಿ ಮಿತಿ ನಿಂತಿರುವುದು ಈ ಕೆಲಸದ ಮೇಲೆ.

ಲೆಕ್ಕ ತಪ್ಪಿದರೆ ಹಣ ಹೋದೀತು, ಗುರುತು ತಪ್ಪಿದರೆ ಕೀಲಿಕೈಯೇ ಹೋಗುತ್ತದೆ. 2021ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ತಂತ್ರಜ್ಞ ಮ್ಯಾಕ್ಸ್ ಕೆಲ್ಲರ್‌ಮನ್ ಅವರಿಗೆ ಗ್ರಾಹಕರೊಬ್ಬರಿಂದ ದೂರು ಬಂತು: ಕುಗ್ಗಿಸಿಟ್ಟ ಲಾಗ್ ಫೈಲು ಬಿಚ್ಚಿಕೊಳ್ಳುತ್ತಿಲ್ಲ. ನೋಡಿದರೆ ಕೊನೆಯ ಎಂಟು ಬೈಟುಗಳ ಜಾಗದಲ್ಲಿ ಬೇರೇನೋ ಕೂತಿತ್ತು. ಬೇರೆಯವರಾದರೆ ಹಾರ್ಡ್‌ವೇರ್ ದೋಷವೆಂದು ಕೈತೊಳೆದುಕೊಳ್ಳುತ್ತಿದ್ದರೇನೋ. ಇವರು ತಿಂಗಳುಗಟ್ಟಲೆ ಬೆನ್ನುಬಿಡದೆ ಕಾರಣ ಹುಡುಕಿದರು. ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಮಾಹಿತಿ ಸಾಗಿಸುವ ಪೈಪಿಗೆ ಕ್ಯಾಶ್ ಪುಟವನ್ನು ನಕಲು ಮಾಡದೆ ಹಾಗೇ ಜೋಡಿಸಬಹುದು. ಆ ಪೈಪಿನ ಖಾನೆಯಲ್ಲಿ ಹಿಂದಿನ ಬಳಕೆಯ ಒಂದು ಗುರುತು ಅಳಿಯದೆ ಉಳಿದಿತ್ತು: ‘ಹೊಸದನ್ನು ಇದೇ ಪುಟಕ್ಕೆ ಸೇರಿಸಬಹುದು.’ ಪೈಪಿಗೆ ಬರೆಯುವವನ ಬಳಿ ಫೈಲಿನ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಓದಲಷ್ಟೇ ಹಕ್ಕಿದ್ದವನು ಬರೆದೂಬಿಟ್ಟ! ಲಿನಕ್ಸ್ 5.8ರಿಂದ ಈ ಬಾಗಿಲು ತೆರೆದೇ ಇತ್ತು. 2022ರ ಮಾರ್ಚ್ 7ರಂದು ‘ಡರ್ಟಿ ಪೈಪ್’ ಎಂಬ ಹೆಸರಿನಲ್ಲಿ ಇದು ಬಯಲಾಯಿತು. ಆಗ ಹೊಸದಾಗಿದ್ದ ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಈ ದೋಷ ಇತ್ತು.

ಇನ್ನೊಂದು ವಿಚಿತ್ರ. ಪುಟ ಬದಲಾಗಿದೆ ಎಂದು ಕರ್ನೆಲ್‌ಗೇ ಗೊತ್ತಿಲ್ಲದ್ದರಿಂದ ಅದನ್ನು ಡಿಸ್ಕಿಗೆ ಬರೆಯುವ ಗೋಜಿಗೂ ಅದು ಹೋಗುತ್ತಿರಲಿಲ್ಲ. ಯಂತ್ರ ಆರಿಸಿ ಹಚ್ಚಿದರೆ ಕಳ್ಳತನದ ಕುರುಹೂ ಮಾಯ.

ತಿದ್ದುಪಡಿ ಮಾತ್ರ ಎರಡೇ ಸಾಲು: ಪೈಪಿಗೆ ಪುಟ ಸೇರಿಸುವ ಎರಡು ಕಡೆ ಗುರುತಿನ ಜಾಗವನ್ನು ಸೊನ್ನೆ ಮಾಡುವುದು. ತಂಗಿಯರೇ, ತಮ್ಮಂದಿರೇ, ಆ ಸಾಲುಗಳು ಕರ್ನೆಲ್ ಮೂಲದ ಇತಿಹಾಸದಲ್ಲಿ ಎಲ್ಲರಿಗೂ ತೆರೆದಿವೆ, ಹುಡುಕಿ ಓದಿ. ಈಗ ನಿಮ್ಮ ಪ್ರಶ್ನೆಗಳು ಬರಲಿ.