ಕೀರ್ತಿಗೆ ಮುಂಚಿನ ಕಲಿಕೆ

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ, ಕಂಪ್ಯೂಟರ್ ತರಬೇತಿಯ ಫಲಕಗಳು ಒಂದರ ಮೇಲೊಂದು ಏರಿ ನಿಂತಿರುವ ಮೈತ್ರಿವನಂ ಆವರಣದ ಸುತ್ತ, ತರುಣ ತರುಣಿಯರು ಪ್ರಾತಃಕಾಲದಿಂದಲೇ ಲಗುಬಗೆಯಿಂದ ನಡೆಯುವರು. ಕಲಿತ ವಿದ್ಯೆಗೆ ಒಡನೆಯೇ ಫಲ ದೊರೆಯಬೇಕೆಂಬ ಆತುರ ಅಲ್ಲಿ ಸಹಜವಾದುದು.

ಆದರೆ ಜಾನಪದ ರಾಕ್ ಸಂಗೀತದಿಂದ ದೇಶವಿದೇಶಗಳಲ್ಲಿ ಪ್ರಸಿದ್ಧರಾದ ರಘು ದೀಕ್ಷಿತರ ಪೂರ್ವಜೀವನವು ಬೇರೊಂದು ಮಾತನ್ನು ಹೇಳುತ್ತದೆ. ಮೈಸೂರಿನಲ್ಲಿ ಬೆಳೆದ ಅವರು ಮೊದಲು ಅಭ್ಯಸಿಸಿದುದು ಗಿಟಾರನ್ನಲ್ಲ, ಭರತನಾಟ್ಯವನ್ನು. ಅದರಲ್ಲಿ ವಿದ್ವತ್ ಪಡೆದರು. ಸೂಕ್ಷ್ಮಜೀವಶಾಸ್ತ್ರವನ್ನು ಓದಿ ಸ್ವರ್ಣಪದಕವನ್ನೂ ಗಳಿಸಿದರು. ಕಾಲೇಜಿನ ಗೆಳೆಯನೊಬ್ಬನು ಅವರ ನೃತ್ಯವನ್ನು ಹೀಯಾಳಿಸಿ, ಗಿಟಾರ್ ನುಡಿಸಬಲ್ಲೆಯಾ ಎಂದು ಕೆಣಕಲಾಗಿ, ಹಠ ತೊಟ್ಟು ಆ ವಾದ್ಯವನ್ನು ಕೈಗೆತ್ತಿಕೊಂಡರು. ಮುಂದೆ ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದರು. ಅವರ ಹೆಸರಿನ ಮೊದಲ ಆಲ್ಬಂ ಹೊರಬಂದುದು 2008ರಲ್ಲಿ. ಆಗ ವಯಸ್ಸು ಮೂವತ್ತನ್ನು ದಾಟಿತ್ತು.

ಹಾಗಾದರೆ ಆ ನೃತ್ಯಾಭ್ಯಾಸವೆಲ್ಲ ನಿಷ್ಫಲವಾಯಿತೆ? ಇಲ್ಲ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಅವರು ಶಿಶುನಾಳ ಷರೀಫರ ತತ್ತ್ವಪದವನ್ನು ಹಾಡುವಾಗ, ಬೆರಳು ಮೀಟುವ ಲಯವನ್ನೇ ಪಾದವೂ ನುಡಿಯುತ್ತದೆ. ಬಹುಕಾಲ ತಾಳಕ್ಕೆ ಪಳಗಿದ ಶರೀರವು ತಾನು ಕಲಿತುದನ್ನು ಮರೆಯಲಿಲ್ಲ; ಸಮಯವೊದಗಿದಾಗ ಅದನ್ನು ಹೊಸ ಕಲೆಗೆ ಧಾರೆಯೆರೆಯಿತು.

ಶ್ರದ್ಧೆಯಿಂದ ಕಲಿತ ವಿದ್ಯೆ ಯಾವ ರೂಪದಲ್ಲಿ ಕೈಹಿಡಿಯುವುದೆಂಬುದು ಕಲಿಯುವ ಹೊತ್ತಿನಲ್ಲಿ ತಿಳಿಯದು. ಆದುದರಿಂದ ಮನೆಯ ಮಕ್ಕಳು ಪಠ್ಯಕ್ಕೆ ಸಂಬಂಧವಿಲ್ಲದ ಕಲೆಯೊಂದಕ್ಕೆ ದಿನದ ಒಂದು ತಾಸನ್ನು ಮೀಸಲಿಟ್ಟರೆ, ಇದರಿಂದೇನು ಪ್ರಯೋಜನವೆಂದು ಕೇಳುವ ಮುನ್ನ ನಾವು ತುಸು ತಾಳೋಣ.