ಪಟ್ಟಿಯಲ್ಲಿಲ್ಲದ ಕ್ರಾಂತಿ

(ವಿದ್ಯಾರ್ಥಿ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಯಾವ ಹಾಸ್ಟೆಲಿನ ಯಾವ ಕೋಣೆಗೆ ಹೋದರೂ ಅಲ್ಲೊಂದು ಸಾಮಾನ್ಯ ಜ್ಞಾನದ ಪುಸ್ತಕ ಇದ್ದೇ ಇರುತ್ತೆ. ರಟ್ಟು ಹರಿದು, ಹತ್ತು ಕೈ ದಾಟಿ ಬಂದ ಪುಸ್ತಕ. ಅದರಲ್ಲಿ ಪ್ರಪಂಚದ ಚರಿತ್ರೆ ಅಂದರೆ ಒಂದು ಪಟ್ಟಿ. ಉಗಿಯಂತ್ರ ಸುಧಾರಿಸಿದವನು ಜೇಮ್ಸ್ ವಾಟ್. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776. ಫ್ರಾನ್ಸಿನ ಮಹಾಕ್ರಾಂತಿ 1789. ಹತ್ತಿ ಬಿಡಿಸುವ ಯಂತ್ರ, ಎಲೈ ವಿಟ್ನಿ, 1793. ವಾಟರ್‌ಲೂನಲ್ಲಿ ನೆಪೋಲಿಯನ್ ಸೋತದ್ದು 1815. ಇವನ್ನೆಲ್ಲ ನಾವು ಬಾಯಿಪಾಠ ಮಾಡ್ತೀವಿ. ಮಾಡಲೇಬೇಕು. ಪರೀಕ್ಷೆ ಪಾಸಾಗಬೇಕು, ಕೆಲಸ ಸಿಗಬೇಕು, ಮನೆಗೆ ನಾಲ್ಕು ಕಾಸು ಕಳಿಸಬೇಕು.

ಆದರೆ ಇವತ್ತು ಈ ಪಟ್ಟಿಗೆ ಎರಡು ಪ್ರಶ್ನೆ ಹಾಕೋಣ. ಆ ಯಂತ್ರ ತಿರುಗಿದ್ದು ಯಾರ ದುಡಿಮೆಯ ಮೇಲೆ? ಆ ಘೋಷಣೆ ಹೊರಟಾಗ ಅದರ ಲೆಕ್ಕಕ್ಕೆ ಸೇರದೆ ಉಳಿದವರು ಯಾರು? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ನಮ್ಮ ಪಟ್ಟಿಗಳಲ್ಲಿ ಅಪರೂಪಕ್ಕೂ ಕಾಣದ ಒಂದು ದೇಶಕ್ಕೆ ಹೋಗಿ ಮುಟ್ಟುತ್ತೇವೆ. ಅದರ ಹೆಸರು ಹೈಟಿ.

ಭೂಪಟದಲ್ಲಿ ಕ್ಯೂಬಾದ ಪೂರ್ವಕ್ಕೆ ಒಂದು ದ್ವೀಪ ಇದೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ. ಅಲ್ಲಿ ಬಾಳುತ್ತಿದ್ದ ತಾಯಿನೋ ಜನ ಕೆಲವೇ ದಶಕಗಳಲ್ಲಿ ದುಡಿತಕ್ಕೆ, ರೋಗಕ್ಕೆ, ಕತ್ತಿಗೆ ಸಿಕ್ಕಿ ಬಹುಪಾಲು ನಾಶವಾದರು. ದುಡಿಯಲು ಕೈ ಬೇಕಲ್ಲ? ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದರು. 1697ರಲ್ಲಿ ದ್ವೀಪದ ಪಶ್ಚಿಮದ ಮೂರನೇ ಒಂದು ಪಾಲು ಫ್ರಾನ್ಸಿಗೆ ಬಂತು. ಅವರು ಇಟ್ಟ ಹೆಸರು ಸ್ಯಾನ್ ದೊಮಿಂಗ್. ಮುಂದಿನ ನೂರು ವರ್ಷದಲ್ಲಿ ಅದು ಪ್ರಪಂಚದಲ್ಲೇ ಅತ್ಯಂತ ಲಾಭದ ವಸಾಹತು ಆಯಿತು. ಯುರೋಪಿನವರು ತಿನ್ನುವ ಸಕ್ಕರೆಯ ಸುಮಾರು ಶೇಕಡಾ 40, ಕುಡಿಯುವ ಕಾಫಿಯ ಅರ್ಧಕ್ಕೂ ಹೆಚ್ಚು ಅಲ್ಲಿಂದ ಬರುತ್ತಿತ್ತು. 1789ರ ಹೊತ್ತಿಗೆ ಅಲ್ಲಿದ್ದ ಬಿಳಿಯರು ಸುಮಾರು 30-40 ಸಾವಿರ. ಗುಲಾಮರಲ್ಲದ ಕಪ್ಪು ಮತ್ತು ಮಿಶ್ರ ಬಣ್ಣದ ಜನ 30 ಸಾವಿರದ ಹತ್ತಿರ. ಗುಲಾಮರು ಸುಮಾರು 5 ಲಕ್ಷ.

ಸಕ್ಕರೆ ಹೇಗೆ ಆಗುತ್ತಿತ್ತು ನೋಡಿ. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯಲೇಬೇಕು, ಇಲ್ಲದಿದ್ದರೆ ರಸ ಹುಳಿಯುತ್ತೆ. ಆಲೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಕಟಾವಿನ ಕಾಲದಲ್ಲಿ ಗಾಣ ರಾತ್ರಿ ಹಗಲು ನಿಲ್ಲುವಂತಿಲ್ಲ. ನೆಟ್ಟಗೆ ನಿಂತ ಮೂರು ಉರುಳೆಗಳ ನಡುವೆ ಕಬ್ಬು ಒಡ್ಡುವ ಕೆಲಸ ಹೆಚ್ಚಾಗಿ ಹೆಂಗಸರದು. ನಿದ್ದೆಗಣ್ಣಲ್ಲಿ ಬೆರಳು ಸಿಕ್ಕಿತೋ, ಕೈಯೇ ಒಳಗೆ. ಜೀವ ಉಳಿಸಲು ತೋಳು ಕಡಿಯಬೇಕಾಗುತ್ತೆ ಅಂತ ಗಾಣದ ಪಕ್ಕದಲ್ಲೇ ಹರಿತವಾದ ಆಯುಧ ಇಟ್ಟಿರುತ್ತಿದ್ದರಂತೆ. ಅಲ್ಲಿಂದ ರಸ ಕುದಿಯುವ ಕೊಪ್ಪರಿಗೆಗಳ ಸಾಲು. ಗಾಣವೂ ಒಂದು ಆವಿಷ್ಕಾರವೇ. ಕೊಪ್ಪರಿಗೆಗಳ ಸಾಲೂ ಒಂದು ಆವಿಷ್ಕಾರವೇ. ಕೈ ಕಳೆದುಕೊಂಡವಳ ಹೆಸರು ಮಾತ್ರ ಎಲ್ಲೂ ಇಲ್ಲ.

ಇದಕ್ಕೆಲ್ಲ ಕಾನೂನೂ ಇತ್ತು. 1685ರಲ್ಲಿ ದೊರೆ 14ನೇ ಲೂಯಿ ಹೊರಡಿಸಿದ ಕಪ್ಪು ಸಂಹಿತೆ. ಓಡಿಹೋಗಿ ಒಂದು ತಿಂಗಳು ತಲೆ ಮರೆಸಿಕೊಂಡ ಗುಲಾಮ ಮೊದಲ ಸಲ ಸಿಕ್ಕರೆ ಕಿವಿ ಕತ್ತರಿಸಿ ಮೈಗೆ ಬರೆ ಹಾಕಬೇಕು. ಎರಡನೇ ಸಲ ಮಂಡಿಯ ಹಿಂದಿನ ನರ ಕಡಿಯಬೇಕು. ಮೂರನೇ ಸಲ ಸಾವು. ಮನುಸ್ಮೃತಿ ಓದಿದವರಿಗೆ ಈ ಭಾಷೆ ಹೊಸದಲ್ಲ. ಯಾರ ತಪ್ಪಿಗೆ ಯಾವ ಅಂಗ ತೆಗೆಯಬೇಕು ಅಂತ ಲೆಕ್ಕ ಹಾಕಿ ಬರೆಯುವ ಕೈಗಳು ಎಲ್ಲ ದೇಶದಲ್ಲೂ ಇದ್ದವು.

ಈಗ 1789ಕ್ಕೆ ಬರೋಣ. ಆಗಸ್ಟ್ 26ರಂದು ವರ್ಸೈನಲ್ಲಿ ಮಾನವ ಹಕ್ಕುಗಳ ಘೋಷಣೆ ಆಯಿತು. ಮನುಷ್ಯರು ಹುಟ್ಟಿನಿಂದ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು ಅಂತ ಸಾರಿದರು. ದೊಡ್ಡ ಮಾತು. ನಾವದನ್ನು ಸಣ್ಣದು ಮಾಡುವುದಿಲ್ಲ. ಆದರೆ ಆ ಸಭೆಯಲ್ಲಿ ಸ್ಯಾನ್ ದೊಮಿಂಗ್‌ನ ತೋಟದ ಒಡೆಯರೂ ಪ್ರತಿನಿಧಿಗಳಾಗಿ ಕೂತಿದ್ದರು! ಅವರ ಲೆಕ್ಕದಲ್ಲಿ ಗುಲಾಮರು ಆಸ್ತಿ. ಮರುವರ್ಷ ವಿನ್ಸೆಂಟ್ ಓಜೆ ಎಂಬ ಮಿಶ್ರ ಬಣ್ಣದ ಸಿರಿವಂತ ತನ್ನಂಥ ಸ್ವತಂತ್ರರಿಗೆ ಮತದ ಹಕ್ಕು ಬೇಕು ಅಂತ ದಂಗೆ ಎದ್ದ. ಗುಲಾಮರ ಬಿಡುಗಡೆಯನ್ನು ಅವನು ಕೇಳಲೂ ಇಲ್ಲ. ಅಷ್ಟಕ್ಕೇ 1791ರ ಫೆಬ್ರವರಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಸಮಾನತೆಯ ಘೋಷಣೆ ಆಗಿ ಒಂದೂವರೆ ವರ್ಷವಾಗಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಉತ್ತರದ ಬಯಲಿನ ತೋಟಗಳಿಂದ ಆಯ್ದ ಗುಲಾಮರು ಗುಟ್ಟಾಗಿ ಸೇರಿದರು. ಬ್ವಾ ಕಾಯ್ಮಾನ್ ಎಂಬ ಕಾಡಿನಲ್ಲಿ ಪೂಜೆ ನಡೆಯಿತು, ಆಣೆ ಆಯಿತು. ಮುಂದಾಳು ಬುಕ್‌ಮನ್. ಪೂಜೆ ನಡೆಸಿದವಳು ಸೆಸೀಲ್ ಫಾತಿಮಾನ್ ಎಂಬ ಹೆಂಗಸು ಅಂತ ಅಲ್ಲಿನ ಜನ ಹೇಳಿಕೊಂಡು ಬಂದಿದ್ದಾರೆ. ಆಗಸ್ಟ್ 22ರ ರಾತ್ರಿ ಬೆಂಕಿ ಬಿತ್ತು. ಕೆಲವೇ ವಾರಗಳಲ್ಲಿ ನೂರಾರು ತೋಟ ಉರಿದವು. ಅವರು ಕಬ್ಬಿನ ಗದ್ದೆ ಸುಟ್ಟರು, ಗಾಣ ಒಡೆದರು, ಕೊಪ್ಪರಿಗೆ ಮಗುಚಿದರು. ಯಂತ್ರ ಒಡೆಯುವವರು ಅನಾಗರಿಕರು ಅಂತ ಬರೆಯುವವರು ಬರೆದಾರು. ಆ ಯಂತ್ರಕ್ಕೆ ತೋಳು ಕೊಟ್ಟವರಿಗೆ ಅದರ ಬೆಲೆ ಗೊತ್ತಿತ್ತು. ನವೆಂಬರಿನಲ್ಲಿ ಬುಕ್‌ಮನ್ ಸತ್ತ. ಅವನ ತಲೆಯನ್ನು ಊರಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ದಂಗೆ ಮಾತ್ರ ನಿಲ್ಲಲಿಲ್ಲ.

ಆಗ ಬಂದವನು ತುಸಾ ಲೂವೆರ್ತ್ಯೂರ್. ಬ್ರೆದಾ ಎಂಬ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು. ಕುದುರೆ ಸಾಕಿ, ಗಾಡಿ ಹೊಡೆದು ಬೆಳೆದವನು. ಗಿಡಮೂಲಿಕೆ ಬಲ್ಲವನು. ಓದು ಬಂದಿತ್ತು. 1791ಕ್ಕೆ ಮೊದಲೇ ಬಿಡುಗಡೆ ಪಡೆದಿದ್ದ. ವಯಸ್ಸು ಐವತ್ತರ ಹತ್ತಿರ. ತನ್ನ ಪಾಡಿಗೆ ತಾನಿದ್ದರೆ ಸುಖವಾಗಿ ಇರಬಹುದಿತ್ತು. ಇರಲಿಲ್ಲ. ದೊಣ್ಣೆ ಕುಡುಗೋಲು ಹಿಡಿದ ಗುಂಪನ್ನು ಅವನು ಸೈನ್ಯ ಮಾಡಿದ.

ಇಲ್ಲೊಂದು ಮಾತು ಗಮನಿಸಬೇಕು. 1793ರ ಆಗಸ್ಟ್ 29ರಂದು ಫ್ರಾನ್ಸಿನ ಅಧಿಕಾರಿ ಸೊಂಥೊನಾ ದ್ವೀಪದ ಉತ್ತರ ಭಾಗದಲ್ಲಿ ಗುಲಾಮಗಿರಿ ರದ್ದು ಮಾಡಿದ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ತನ್ನ ಎಲ್ಲ ವಸಾಹತುಗಳಲ್ಲೂ ರದ್ದು ಮಾಡಿತು. ಆ ದಿನ ಸಭೆಯಲ್ಲಿ ಕೂತಿದ್ದ ಒಬ್ಬ ಪ್ರತಿನಿಧಿ ಜಾನ್ ಬಾತಿಸ್ತ್ ಬೆಲ್ಲೆ. ಆಫ್ರಿಕಾದಿಂದ ಹಿಡಿದು ತಂದ, ಒಂದು ಕಾಲಕ್ಕೆ ಗುಲಾಮನಾಗಿದ್ದ ಕಪ್ಪು ಮನುಷ್ಯ. ಪುಸ್ತಕಗಳು ಇದನ್ನು ಫ್ರಾನ್ಸ್ ಕೊಟ್ಟ ಸ್ವಾತಂತ್ರ್ಯ ಅಂತ ಬರೆಯುತ್ತವೆ. ನಾವು ತಾರೀಕು ನೋಡೋಣ. ಬೆಂಕಿ ಬಿದ್ದದ್ದು 1791. ಕಾನೂನು ಬಂದದ್ದು 1793, 1794. ಆಗ ಇಂಗ್ಲೆಂಡ್, ಸ್ಪೇನ್ ಎರಡೂ ಆ ದ್ವೀಪದ ಮೇಲೆ ಬಿದ್ದಿದ್ದವು. ಗುಲಾಮರು ತನ್ನ ಕಡೆ ನಿಲ್ಲದಿದ್ದರೆ ಫ್ರಾನ್ಸಿಗೆ ದ್ವೀಪವೇ ಕೈಬಿಡುತ್ತಿತ್ತು. ಕಿತ್ತುಕೊಂಡ ಮೇಲೆ ಕೊಟ್ಟೆವು ಅನ್ನುವುದು ಆಳುವವರ ಹಳೇ ಚಾಳಿ. ಹಾಗಂತ ಆ ಕಾಗದಕ್ಕೆ ಬೆಲೆಯಿಲ್ಲ ಅಂತ ಅಲ್ಲ. ಆ ಕಾಗದ ಬಂದ ಮೇಲೆಯೇ ತುಸಾ ಸ್ಪೇನಿನ ಪಾಳೆಯ ಬಿಟ್ಟು ಫ್ರಾನ್ಸಿನ ಕಡೆ ಬಂದ. 1798ರಲ್ಲಿ ಇಂಗ್ಲಿಷ್ ಸೈನ್ಯವನ್ನು ದ್ವೀಪ ಬಿಡಿಸಿ ಕಳಿಸಿದ.

ಇನ್ನು ನಮಗೆ ನಾವೇ ಹೇಳಿಕೊಳ್ಳಬೇಕಾದ ಕಹಿ ಮಾತು. 1801ರಲ್ಲಿ ತುಸಾ ಸಂವಿಧಾನ ಮಾಡಿದ. ಗುಲಾಮಗಿರಿ ಎಂದೆಂದಿಗೂ ಇಲ್ಲ ಅಂತ ಅದರಲ್ಲಿ ಬರೆಸಿದ. ತಾನೇ ಜೀವಮಾನದ ರಾಜ್ಯಪಾಲ ಅಂತಲೂ ಬರೆಸಿದ. ಬಂದೂಕು ಕೊಳ್ಳಲು ದುಡ್ಡು ಬೇಕು, ದುಡ್ಡಿಗೆ ಸಕ್ಕರೆ ಬೇಕು, ಸಕ್ಕರೆಗೆ ತೋಟ ಬೇಕು ಅಂತ ಬಿಡುಗಡೆಯಾದ ಜನರನ್ನು ಸೈನಿಕರ ಕಾವಲಲ್ಲಿ ಅದೇ ತೋಟಗಳಿಗೆ ದುಡಿಯಲು ಕಟ್ಟಿಹಾಕಿದ. ಕೂಲಿಯಾಗಿ ಬೆಳೆಯಲ್ಲಿ ಪಾಲು ಇತ್ತು, ನಿಜ. ಆದರೆ ಬಿಟ್ಟು ಹೋಗುವಂತಿರಲಿಲ್ಲ. ಜನರಿಗೆ ಬೇಕಾಗಿದ್ದು ಸ್ವಂತದ ತುಂಡು ನೆಲ. ತಮ್ಮ ಗೆಣಸು, ತಮ್ಮ ಬಾಳೆ, ತಮ್ಮ ಕೋಳಿ. ಅದೇ ವರ್ಷ ದುಡಿಯುವವರು ದಂಗೆ ಎದ್ದರು. ಅವರ ಪರ ಇದ್ದಾನೆ ಅಂತ ತುಸಾ ತನ್ನ ಸ್ವಂತ ಸೋದರಳಿಯ ಮೊಯೀಸ್‌ನನ್ನು ಗುಂಡಿಕ್ಕಿ ಕೊಲ್ಲಿಸಿದ. ತುಸಾ ದೊಡ್ಡವನು. ದೊಡ್ಡವನು ಅಂತಲೇ ಇದನ್ನು ಮುಚ್ಚಿಡಬಾರದು. ಸಂಘಟನೆ ಕಟ್ಟುವ ನಾವು ನಾಯಕರ ಫೋಟೋಕ್ಕೆ ಹಾರ ಹಾಕುವಷ್ಟೇ ಶ್ರದ್ಧೆಯಿಂದ ನಾಯಕರನ್ನು ಪ್ರಶ್ನೆ ಕೇಳಲೂ ಕಲಿಯಬೇಕು.

1802ರ ಆರಂಭದಲ್ಲಿ ನೆಪೋಲಿಯನ್ ಕಳಿಸಿದ ದೊಡ್ಡ ಸೈನ್ಯ ಅವನ ತಂಗಿಯ ಗಂಡ ಲೆಕ್ಲೆರ್ಕ್‌ನ ಕೈಕೆಳಗೆ ದ್ವೀಪಕ್ಕೆ ಬಂದಿಳಿಯಿತು. ಜೂನಿನಲ್ಲಿ ತುಸಾನನ್ನು ಮಾತುಕತೆಗೆ ಅಂತ ಕರೆದು ಹಿಡಿದು ಹಡಗು ಹತ್ತಿಸಿದರು. ಫ್ರಾನ್ಸಿನ ಜೂರಾ ಬೆಟ್ಟದ ಚಳಿ ಕೋಟೆಯಲ್ಲಿ, 1803ರ ಏಪ್ರಿಲ್ 7ರಂದು ಅವನು ಸತ್ತ. ದೆಸ್ಸಲೀನ್, ಕ್ರಿಸ್ತೋಫ್‌ರಂಥ ದಂಡನಾಯಕರು ಅಷ್ಟರಲ್ಲಿ ಫ್ರೆಂಚರ ಜೊತೆ ರಾಜಿಯಾಗಿದ್ದರು. ಆದರೆ ಬೆಟ್ಟ ಸೇರಿದ ಹೆಸರಿಲ್ಲದ ಜನ ರಾಜಿ ಆಗಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಪಕ್ಕದ ಗ್ವಾಡೆಲೂಪ್ ದ್ವೀಪದಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ವಾಪಸು ತಂದಿದ್ದಾನೆ. ಆಮೇಲೆ ದಂಡನಾಯಕರೂ ತಿರುಗಿ ಬಿದ್ದರು. ಆ ಅಕ್ಟೋಬರಿನಲ್ಲಿ ಸಾನಿತೆ ಬೆಲೇರ್ ಎಂಬ ಯುವತಿ, ಕ್ರಾಂತಿ ಸೈನ್ಯದ ಅಧಿಕಾರಿ, ಮರಣದಂಡನೆಗೆ ತಲೆ ಎತ್ತಿ ನಡೆದಳು. ಹಳದಿ ಜ್ವರ ಲೆಕ್ಲೆರ್ಕ್‌ನನ್ನೂ ಅವನ ಸಾವಿರಾರು ಸೈನಿಕರನ್ನೂ ಒಯ್ಯಿತು. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರೆಂಚ್ ಸೈನ್ಯ ಸೋತಿತು. 1804ರ ಜನವರಿ 1ರಂದು ದೆಸ್ಸಲೀನ್ ಸ್ವಾತಂತ್ರ್ಯ ಸಾರಿದ. ಗುಲಾಮರೇ ಎದ್ದು ಗೆದ್ದು ಕಟ್ಟಿದ ದೇಶ ಪ್ರಪಂಚದಲ್ಲಿ ಅದೊಂದೇ. ಒಡೆಯರು ಇಟ್ಟ ಹೆಸರು ಕಿತ್ತೆಸೆದು, ಸತ್ತುಹೋದ ತಾಯಿನೋ ಜನರ ಮಾತಿನಿಂದ ಹೈಟಿ ಎಂಬ ಹೆಸರನ್ನು ಎತ್ತಿಕೊಂಡರು. ಬೆಟ್ಟಗಳ ನಾಡು ಅಂತ ಅರ್ಥ.

ಅದೇ ವರ್ಷ ಉಳಿದಿದ್ದ ಫ್ರೆಂಚರನ್ನು, ಹೆಂಗಸರು ಮಕ್ಕಳು ಅನ್ನದೆ, ದೆಸ್ಸಲೀನ್ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಿಸಿದ. ಅವನು ತನ್ನನ್ನು ಚಕ್ರವರ್ತಿ ಅಂತ ಕರೆದುಕೊಂಡ, 1806ರಲ್ಲಿ ತನ್ನವರ ಕೈಯಲ್ಲೇ ಸತ್ತ. ಇದೂ ಚರಿತ್ರೆ. ಇನ್ನೊಂದನ್ನೂ ನೆನಪಿಡಿ. ಅವನ 1805ರ ಸಂವಿಧಾನ ಹೈಟಿಯ ಪ್ರಜೆಗಳೆಲ್ಲರನ್ನೂ, ಮೈಬಣ್ಣ ಯಾವುದೇ ಇರಲಿ, ಕಪ್ಪು ಜನ ಅಂತಲೇ ಕರೆಯಬೇಕು ಅಂದಿತು. ಬೈಗುಳವಾಗಿದ್ದ ಹೆಸರು ಪೌರತ್ವದ ಹೆಸರಾಯಿತು. ದಲಿತ ಎಂಬ ಪದವನ್ನು ಎದೆ ಸೆಟೆಸಿ ಹೇಳುವ ನಮಗೆ ಇದರ ರುಚಿ ಬೇಗ ಗೊತ್ತಾಗುತ್ತೆ.

ಈಗ ಪಟ್ಟಿಯ ಆ ಯಂತ್ರಕ್ಕೆ ಬರೋಣ. ಹೈಟಿ ಉರಿಯುತ್ತಿದ್ದ 1793ರಲ್ಲೇ ಅಮೆರಿಕದಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಒಬ್ಬರು ಇಡೀ ದಿನ ಕೂತು ಬಿಡಿಸುವ ಹತ್ತಿ ಈಗ ಗಳಿಗೆಯಲ್ಲಿ ಆಯಿತು. ಗುಲಾಮರ ಕೆಲಸ ಹಗುರಾಯಿತು ಅಂದುಕೊಂಡರೆ ತಪ್ಪು. ಹತ್ತಿ ಲಾಭದ ಬೆಳೆ ಆಯಿತು, ಹೊಲ ಹಿಗ್ಗಿದವು, ಬಿಡಿಸಲು ಇನ್ನಷ್ಟು ಕೈ ಬೇಕಾದವು. 1790ರಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ 40 ಲಕ್ಷದ ಹತ್ತಿರ. ಇನ್ನೊಂದು ವಿಪರ್ಯಾಸ ಕೇಳಿ. ಹೈಟಿ ಕೈತಪ್ಪಿದ್ದನ್ನು ಕಂಡ ನೆಪೋಲಿಯನ್ 1803ರಲ್ಲಿ ಲೂಸಿಯಾನಾ ಎಂಬ ವಿಶಾಲ ನಾಡನ್ನು ಅಮೆರಿಕಕ್ಕೆ ಮಾರಿಬಿಟ್ಟ. ಅಲ್ಲೂ ಹತ್ತಿ, ಕಬ್ಬು, ಗುಲಾಮಗಿರಿ ಬೆಳೆದವು. ಯಂತ್ರ ತಾನಾಗಿ ಯಾರನ್ನೂ ಬಿಡಿಸುವುದಿಲ್ಲ. ಅದು ಯಾರ ಕೈಯಲ್ಲಿದೆ, ನೆಲ ಯಾರ ಹೆಸರಲ್ಲಿದೆ ಅನ್ನುವುದೇ ಪ್ರಶ್ನೆ.

ಗೆದ್ದ ಹೈಟಿಯನ್ನು ಪ್ರಪಂಚ ಸುಮ್ಮನೆ ಬಿಟ್ಟಿತೆ? ಅಮೆರಿಕ ಅದನ್ನು ದೇಶ ಅಂತ ಒಪ್ಪಿದ್ದು 1862ರಲ್ಲಿ. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ, ನಮ್ಮ ಒಡೆಯರು ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೊಟ್ಟರೆ ನಿಮ್ಮನ್ನು ಒಪ್ಪುತ್ತೇವೆ ಅಂದಿತು. ಆ ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು! ತಮ್ಮ ಮೈಯ ಬೆಲೆಯನ್ನು ತಾವೇ ತೆರಬೇಕಾಯಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಅದನ್ನು ಕಟ್ಟಲು ಫ್ರಾನ್ಸಿನ ಬ್ಯಾಂಕಿನಲ್ಲೇ ಸಾಲ. ಸಾಲ ತೀರಿಸಲು ರೈತರ ಕಾಫಿ ಮೇಲೆ ತೆರಿಗೆ. 1826ರಲ್ಲಿ ಅಧ್ಯಕ್ಷ ಬ್ವಾಯೆ ಮತ್ತೆ ರೈತರನ್ನು ತೋಟಕ್ಕೆ ಕಟ್ಟುವ ಕಾನೂನು ತಂದ. ಆ ಸಾಲದ ಬಾಲ ತೀರಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಹೈಟಿ ಯಾಕೆ ಬಡದೇಶ ಅಂತ ಯಾರಾದರೂ ಕೇಳಿದರೆ ಈ ಲೆಕ್ಕವನ್ನೂ ಮುಂದಿಡಿ.

ಇದೆಲ್ಲ ನಮಗೆ ಯಾಕೆ? ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದಾಗ ಅದನ್ನು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಅಮೆರಿಕದ ಕಪ್ಪು ಜನರ ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದರು, ಉತ್ತರವೂ ಬಂತು. 1972ರಲ್ಲಿ ಮುಂಬಯಿಯ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ಪ್ರಪಂಚದ ಚರಿತ್ರೆ ನಮಗೆ ಹೊರಗಿನದಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. 1954ರ ರೇಡಿಯೋ ಭಾಷಣದಲ್ಲಿ ಬಾಬಾಸಾಹೇಬರು, ಸ್ವಾತಂತ್ರ್ಯ ಸಮಾನತೆ ಸೋದರತೆಗಳನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದೆ ಅಂದರು. ಆ ಮೂರು ಮಾತು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಹೈಟಿಯ ಗುಲಾಮರು ಅವನ್ನು ಹೇಳಿದವರಿಗಿಂತ ಹೆಚ್ಚು ನಂಬಿದರು, ಅವುಗಳಿಗಾಗಿ ಸತ್ತರು.

ಆದ್ದರಿಂದ ಪಟ್ಟಿಯನ್ನು ಬಾಯಿಪಾಠ ಮಾಡೋಣ, ಬಿಡುವುದು ಬೇಡ. ಆದರೆ ಇವತ್ತು ರಾತ್ರಿ ಕೋಣೆಗೆ ಹೋದ ಮೇಲೆ ಆ ಪುಸ್ತಕದಲ್ಲಿ 1789ರ ಕೆಳಗೆ ಜಾಗ ಮಾಡಿ ಪೆನ್ನಿನಲ್ಲಿ ಒಂದು ಸಾಲು ಸೇರಿಸೋಣ: 1791ರಿಂದ 1804, ಹೈಟಿ, ಗುಲಾಮರ ಕ್ರಾಂತಿ. ಆ ಪುಸ್ತಕ ಮುಂದಿನ ವರ್ಷ ಇನ್ನೊಬ್ಬ ಹುಡುಗನ, ಇನ್ನೊಬ್ಬ ಹುಡುಗಿಯ ಕೈಗೆ ಹೋಗುತ್ತೆ. ಅವರು ಇದೇನು ಅಂತ ಕೇಳುತ್ತಾರೆ. ಹೇಳಲು ನಾವು ತಯಾರಿರಬೇಕು.

ಜೈ ಭೀಮ್.