ತೋಟಕ್ಕಿಳಿಯುವ ವೈಫೈ



ಸಾಗರ, ಹೊಸನಗರ, ತೀರ್ಥಹಳ್ಳಿ, ಈ ನಮ್ಮ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳ ಜಗುಲಿಯವರೆಗೆ ಫೈಬರ್ ಬಂದಿದೆ, ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸಿಮ್ ಹಾಕಿದ ಉಪಕರಣ ಅಲ್ಲಿ ಕೆಲಸಕ್ಕೆ ಬಾರದು. ತೋಟದಲ್ಲಿ ತೇವಾಂಶ ಅಳೆಯುವ ಸೆನ್ಸರ್‌ಗೆ ಮನೆಯ ವೈಫೈಯೇ ಗತಿ. ಆದ್ದರಿಂದ ಎಂಬೆಡೆಡ್ ಆಪರೇಟಿಂಗ್ ಸಿಸ್ಟಮ್‌ಗೆ ವೈಫೈ ಮಾಡ್ಯೂಲಿನ ಡ್ರೈವರ್ ಬರೆಯುವುದು ದೂರದ ಕಂಪನಿಗಳ ಕೆಲಸ ಎಂದು ನಾನು ಒಪ್ಪುವುದಿಲ್ಲ.

ಕೆಲಸದ ಮೊದಲರ್ಧಕ್ಕೆ ದಾರಿ ಇದೆ. ಮಾಡ್ಯೂಲನ್ನು ಎಸ್‌ಪಿಐ ಅಥವಾ ಎಸ್‌ಡಿಐಒ ತಂತಿಗಳಲ್ಲಿ ಜೋಡಿಸುತ್ತೇವೆ. ಕೆಲವು ಚಿಪ್‌ಗಳಿಗೆ ಸ್ವಂತ ಫ್ಲ್ಯಾಶ್ ಇರುವುದಿಲ್ಲ, ಕರೆಂಟ್ ಬಂದಾಗಲೆಲ್ಲ ಫರ್ಮ್‌ವೇರನ್ನು ನಾವೇ ತುಂಬಬೇಕು. ಇಂಟರಪ್ಟ್ ಬಂದಾಗ ಅಲ್ಲೇ ನಿಂತು ಡೇಟಾ ಓದದೆ, ಸೆಮಫೋರ್ ಕೊಟ್ಟು ಹೊರಬಂದು ಓದುವುದನ್ನು ಥ್ರೆಡ್‌ಗೆ ಬಿಡಬೇಕು. ಲಿನಕ್ಸ್ ಫೌಂಡೇಶನ್ 2016ರಲ್ಲಿ ಆರಂಭಿಸಿದ ಝೆಫಿರ್‌ನಂಥ ಮುಕ್ತ ವ್ಯವಸ್ಥೆಯಲ್ಲಿ ಸ್ಕ್ಯಾನ್, ಕನೆಕ್ಟ್, ಡಿಸ್‌ಕನೆಕ್ಟ್ ಫಂಕ್ಷನ್‌ಗಳಿಗೆ ಜಾಗ ಸಿದ್ಧವಾಗಿದೆ, ನಮ್ಮ ಚಿಪ್‌ಗೆ ತಕ್ಕಂತೆ ಅವನ್ನು ಬರೆದುಕೊಡಬೇಕು. ಮೇಜಿನ ಮೇಲೆ ಐಪಿ ವಿಳಾಸ ಬಂತು ಅಂದರೆ ಡ್ರೈವರ್ ಮುಗಿಯಿತೆಂದು ಬಹಳ ಜನ ಎದ್ದುಬಿಡುತ್ತಾರೆ.

ಡ್ರೈವರಿನ ಯೋಗ್ಯತೆ ತಿಳಿಯುವುದು ಸಂಪರ್ಕ ತಪ್ಪಿದಾಗ. 2.4 ಗಿಗಾಹರ್ಟ್ಸ್ ಅಲೆಗಳನ್ನು ಮಳೆಹನಿ ಅಷ್ಟಾಗಿ ತಡೆಯದು, ತೊಯ್ದ ಎಲೆ ತಡೆಯುತ್ತದೆ. ಮನೆ ದಿಬ್ಬದ ಮೇಲೆ, ತೋಟ ಕೆಳಗಿನ ಕಣಿವೆಯಲ್ಲಿ, ನಡುವೆ ಅಡಿಕೆ, ಬಾಳೆ, ಮೆಣಸಿನ ಬಳ್ಳಿ. ಬೇಸಿಗೆಯಲ್ಲಿ ಸಲೀಸಾಗಿ ಸಿಕ್ಕ ಸಿಗ್ನಲ್ ಆಗುಂಬೆ, ಹುಲಿಕಲ್ ಕಡೆಯ ಆಷಾಢದಲ್ಲಿ ಬಂದು ಬಂದು ಹೋಗುತ್ತದೆ. ರೂಟರಿಗೂ ಮಾಡ್ಯೂಲಿಗೂ ನಡೆಯುವ ನಾಲ್ಕು ಹಂತದ ಕೈಕುಲುಕು ಅರ್ಧಕ್ಕೇ ನಿಂತರೆ 15 ಎಂಬ ಕಾರಣ ಸಂಖ್ಯೆ ಬರುತ್ತದೆ. ಪಾಸ್‌ವರ್ಡ್ ತಪ್ಪಿದ್ದರೂ ಎಷ್ಟೋ ಸಲ ಅದೇ 15. ಅದನ್ನು 'ಪಾಸ್‌ವರ್ಡ್ ತಪ್ಪು' ಎಂದೇ ಬಗೆದು ಪ್ರಯತ್ನ ಕೈಬಿಟ್ಟರೆ, ಆ ಮಳೆಯಲ್ಲಿ ಯಾರಾದರೂ ಇಂಬಳ ಕಚ್ಚಿಸಿಕೊಂಡು ತೋಟಕ್ಕಿಳಿದು ರೀಸೆಟ್ ಒತ್ತಬೇಕು. ಡ್ರೈವರ್ ಆ ಸಂಖ್ಯೆಯನ್ನು ಇದ್ದಂತೆಯೇ ಮೇಲಕ್ಕೆ ತಲುಪಿಸಲಿ. ಇದೇ ಪಾಸ್‌ವರ್ಡಿನಿಂದ ಹಿಂದೆ ಸೇರಿದ್ದು ನಿಜವಾದರೆ, ಮೇಲಿನ ಪದರ ಮತ್ತೆ ಮತ್ತೆ ಯತ್ನಿಸಲಿ.

ದೇಶ ಸಂಕೇತವೂ ಅಷ್ಟೇ ಮುಖ್ಯ. ಭಾರತ 2005ರಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಲೈಸೆನ್ಸ್‌ನಿಂದ ಮುಕ್ತಗೊಳಿಸಿತು, ನಮಗೆ 13 ಚಾನೆಲ್‌ಗಳಿವೆ. ಅಮೆರಿಕದ ಸಂಕೇತ ಹಾಗೇ ಉಳಿಸಿಕೊಂಡ ಡ್ರೈವರ್ 11ರ ಆಚೆ ಹುಡುಕುವುದೇ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ 13ನೇ ಚಾನೆಲ್ ಹಿಡಿದರೆ, ಸಿಗ್ನಲ್ ಎಷ್ಟು ಜೋರಾಗಿದ್ದರೂ ಸೆನ್ಸರ್‌ಗೆ ಅದು ಕಾಣದು.

ಇಷ್ಟು ಒತ್ತಿ ಹೇಳಲು ಕಾರಣ ಕೊಳೆರೋಗ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಈ ರೋಗದ ಬಗ್ಗೆ 1910ರಲ್ಲೇ ಅಧ್ಯಯನ ಪ್ರಕಟಿಸಿದರು. ಅವರು ಹೇಳಿದ ಬೋರ್ಡೋ ದ್ರಾವಣವನ್ನು ಇಂದಿಗೂ ಹೊಡೆಯುತ್ತೇವೆ. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ ಆಗುತ್ತದೆ, ಎರಡನೆಯದಕ್ಕೆ ಹೊಳವು ಕಾಯಬೇಕು. ಎಲ್ಲಿಗೆ ಮೊದಲು ಕೊನೆಗಾರನನ್ನು ಕಳಿಸಬೇಕು ಎಂದು ತೀರ್ಮಾನಿಸಲು ಸುರಿಮಳೆಯ ದಿನಗಳ ತೇವಾಂಶ, ಉಷ್ಣತೆಯ ಲೆಕ್ಕ ಬೇಕು. ಆ ದಿನಗಳಲ್ಲೇ ಸಂಪರ್ಕ ಕಡಿದು ಲೆಕ್ಕ ಖಾಲಿ ಉಳಿದರೆ, ಬಿಸಿಲಿನ ದಿನದ ಅಂಕಿ ಎಷ್ಟಿದ್ದರೂ ಬೆಳೆಗಾರನಿಗೆ ಉಪಯೋಗವಿಲ್ಲ.

ಸಮ್ಮೇಳನದ ಮುಂದೆ ನನ್ನದೊಂದು ಕೋರಿಕೆ ಇದೆ. ಮುಂಗಾರಿಗೆ ಮೊದಲು ಮೂರೂ ತಾಲ್ಲೂಕುಗಳಲ್ಲಿ ಒಂದೊಂದು ತೋಟ ಆರಿಸಿಕೊಳ್ಳೋಣ. ಒಂದೇ ಮುಕ್ತ ಡ್ರೈವರನ್ನು ಮಳೆಗಾಲ ಪೂರ್ತಿ ನಡೆಸಿ, ಸಂಪರ್ಕ ತಪ್ಪಿದ ಪ್ರತಿ ಗಳಿಗೆಯನ್ನೂ ಕಾರಣ ಸಂಖ್ಯೆಯೊಂದಿಗೆ ದಾಖಲಿಸೋಣ. ತಿದ್ದಿದ ಕೋಡನ್ನು ಮೂಲ ಯೋಜನೆಗೇ ಹಿಂದಿರುಗಿಸಿ, ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದಿಡೋಣ. ತೋಟ ಕೊಡಲು ಒಪ್ಪುವವರು ಮಧ್ಯಾಹ್ನದ ಗೋಷ್ಠಿಗೆ ಮೊದಲು ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.